ನೋಡೋಕೆ ಏನೂ ಇಲ್ಲ ಅಂದುಬಿಟ್ಟೆ

ಹೋದ ಕಾರ್ತಿಕದಲ್ಲಿ ಒಂದು ಭಾನುವಾರ ಬೆಳಿಗ್ಗೆ ನಮ್ಮ ಹೊಲದ ಬದುವಿಗೆ ಒಂದು ಕಾರು ಬಂದು ನಿಂತಿತು. ಒಳಗೆ ನಾಲ್ಕು ಹುಡುಗರು, ಬೆಂಗಳೂರಿನವರು. ಕೆಮ್ಮಣ್ಣುಗುಂಡಿಗೆ ಹೊರಟವರು ಫೋನಿನ ನಕ್ಷೆ ನಂಬಿ ನಮ್ಮ ಬಂಡಿ ಜಾಡಿಗೆ ಇಳಿದಿದ್ದರು. ನೀರು ಕೇಳಿದರು, ಕೊಟ್ಟೆ. ದಾರಿ ಕೇಳಿದರು, ಬೀರೂರಿಗೆ ಹೋಗಿ ಅಲ್ಲಿಂದ ಲಿಂಗದಹಳ್ಳಿ ಮೇಲೆ ಹೋಗಿ ಅಂತ ಹೇಳಿದೆ. ಹೊರಡುವಾಗ ಒಬ್ಬ ಹುಡುಗ ಕೇಳಿದ: "ಯಜಮಾನ್ರೇ, ಇಲ್ಲಿ ಹತ್ತಿರದಲ್ಲಿ ನೋಡೋ ಅಂಥದ್ದು ಏನಾದ್ರೂ ಇದೆಯಾ?"

ನಾನು "ಏನೂ ಇಲ್ಲಪ್ಪ, ಬರೀ ಬಯಲು" ಅಂದೆ.

ಅಂದು ರಾತ್ರಿಯಿಡೀ ನಾನು ನಿದ್ದೆ ಮಾಡಿರಲಿಲ್ಲ. ಹುರುಳಿ ಹೊಲಕ್ಕೆ ಜಿಂಕೆ ನುಗ್ಗದಂತೆ ಟಾರ್ಚು, ತಮಟೆ ಹಿಡಿದು ಕಾದಿದ್ದೆ. ಕಾರು ಹೋದಮೇಲೆ ತಿರುಗಿ ನೋಡಿದರೆ, ಆ ಜಿಂಕೆಗಳೇ ಕಾವಲಿನ ದಿಬ್ಬದ ಮೇಲೆ ಸಾಲಾಗಿ ನಿಂತಿದ್ದವು. ಇಪ್ಪತ್ತಕ್ಕೆ ಕಡಿಮೆ ಇರಲಿಲ್ಲ. ಮುಂದೆ ಒಂದು ಕರೀ ಗಂಡು, ತಿರುಚಿದ ಕೊಂಬು ಮೇಲಕ್ಕೆತ್ತಿ ನಿಂತಿತ್ತು. ಆ ಹುಡುಗರು ಇನ್ನೂರು ಕಿಲೋಮೀಟರ್ ಬಂದದ್ದು ಇಂಥದ್ದೇ ಏನನ್ನೋ ನೋಡೋಕೆ. ನಾನು ಏನೂ ಇಲ್ಲ ಅಂದುಬಿಟ್ಟೆ.

ಆ ಮಾತು ನನ್ನನ್ನು ಬಹಳ ದಿನ ಕೊರೆಯಿತು. ಅದಕ್ಕೇ ಈ ಬರಹ. ನಾನು ಏಳನೇ ಕ್ಲಾಸಿನವರೆಗೆ ಓದಿದವನು. ಬಾಸೂರು ಕಾವಲಿನ ಸೀಮೆಯಲ್ಲಿ ಆರೆಕರೆ ಮಳೆಯಾಶ್ರಿತ ಬೇಸಾಯ. ರಾಗಿ, ಶೇಂಗಾ, ಹುರುಳಿ, ಅಕ್ಕಡಿಯಲ್ಲಿ ಹುಚ್ಚೆಳ್ಳು. ತಪ್ಪಿದ್ದರೆ ಓದುಗರು ತಿದ್ದಬಹುದು.

ಎಲ್ಲರೂ ಹೋಗುವ ಕಡೆ

ನಮ್ಮ ಜಿಲ್ಲೆಗೆ ಬರುವವರು ಎಲ್ಲಿಗೆ ಹೋಗುತ್ತಾರೆ ಅಂತ ಎಲ್ಲರಿಗೂ ಗೊತ್ತು. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ, ರಾಜ್ಯದಲ್ಲೇ ಅತಿ ಎತ್ತರದ ಶಿಖರ. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯುತ್ತಿದ್ದ ಜಾಗ. ಅಲ್ಲಿಂದ ಭದ್ರಾವತಿ ಕಾರ್ಖಾನೆಗೆ ಕಬ್ಬಿಣದ ಅದಿರು ಹೋಗುತ್ತಿತ್ತು ಅನ್ನೋದು ಈಗಿನ ಹುಡುಗರಿಗೆ ಗೊತ್ತಿಲ್ಲ. ದಾರಿಯಲ್ಲಿ ಕಲ್ಹತ್ತಿಗಿರಿ, ಮೇಲೆ ಹೋದರೆ ಹೆಬ್ಬೆ ಜಲಪಾತ. ಲಕ್ಕವಳ್ಳಿಗೆ ಹೋದರೆ ಭದ್ರಾ ಜಲಾಶಯ, ಅದರ ಸುತ್ತ ಹುಲಿ ಕಾಡು. ಬೇಸಿಗೆಯಲ್ಲಿ ನೀರು ಇಳಿದಾಗ ಜಲಾಶಯದ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಎಂಬ ಹೊಳೆ ಹಕ್ಕಿಗಳು ಬಂದು ಮೊಟ್ಟೆ ಇಡುತ್ತವೆ. ಅದನ್ನು ನೋಡೋಕೇ ದೂರದಿಂದ ಜನ ಬರುತ್ತಾರೆ.

ಇವೆಲ್ಲ ನೋಡಬೇಕಾದ ಜಾಗಗಳೇ. ನಾನೂ ಹೋಗಿದ್ದೇನೆ. ಆದರೆ ಬಯಲುಸೀಮೆ ರೈತ ಆ ಗುಡ್ಡ ನೋಡುವ ರೀತಿ ಬೇರೆ. ಬಾಬಾಬುಡನ್ ಗಿರಿಯಲ್ಲಿ ಹುಟ್ಟುವ ವೇದಾ ಹೊಳೆ ಸಖರಾಯಪಟ್ಟಣದ ಅಯ್ಯನಕೆರೆಗೆ ಬರುತ್ತದೆ. ಅವತಿ ಹೊಳೆ ಮದಗದಕೆರೆಗೆ ಬರುತ್ತದೆ. ಕಡೂರಿನ ಹತ್ತಿರ ಎರಡೂ ಕೂಡಿ ವೇದಾವತಿ ಆಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತದೆ. ಗುಡ್ಡದ ಮೇಲಿನ ಹುಲ್ಲು, ಕಣಿವೆಯ ಶೋಲಾ ಕಾಡು ಮಳೆ ನೀರು ಹಿಡಿದಿಟ್ಟು ನಿಧಾನಕ್ಕೆ ಬಿಟ್ಟರೆ ನಮ್ಮ ಕೆರೆ. ಹಿಡಿಯದಿದ್ದರೆ ಒಂದು ವಾರ ಕೆಂಪು ನೀರು, ಆಮೇಲೆ ಮರಳು. 2022ರಲ್ಲಿ ಗಿರಿಯ ಮೇಲೆ ಕುರಿಂಜಿ ಹೂ ಅರಳಿದಾಗ ಜನ ಜಾತ್ರೆ ಸೇರಿದರು. ಹೂವಿನ ಮೇಲೇ ನಡೆದು ಚಿತ್ರ ತೆಗೆಸಿಕೊಂಡವರೂ ಉಂಟು. ತುಳಿದ ಹುಲ್ಲು ಯಾರ ಕೆರೆಯ ಹುಲ್ಲು ಅಂತ ಅವರಿಗೆ ಯಾರೂ ಹೇಳಿಲ್ಲ.

ಗುಡ್ಡದ ವಿಷಯ ಇಷ್ಟು ಸಾಕು. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕಾದದ್ದು ನಮ್ಮ ಕಾವಲಿನ ವಿಷಯ.

ಕಾವಲು ಅಂದರೆ ಪಾಳು ಅಲ್ಲ

ಕಾಡು ಅಂದರೆ ಮರ ಇರಬೇಕು, ಕತ್ತಲು ಇರಬೇಕು, ಜಲಪಾತ ಬೀಳಬೇಕು ಅಂತ ಎಲ್ಲರೂ ತಿಳಿದಿದ್ದಾರೆ. ಮರ ಇಲ್ಲದ್ದು ಪಾಳು. ನಾವು ರೈತರೂ ಹಾಗೇ ತಿಳಿದಿದ್ದೇವೆ. ನಾನಂತೂ ಹಾಗೇ ತಿಳಿದಿದ್ದೆ.

ಕಡೂರು, ತರೀಕೆರೆ, ಈಗ ಬೇರೆ ತಾಲ್ಲೂಕಾಗಿರುವ ಅಜ್ಜಂಪುರ, ಈ ಮೂರೂ ಕಡೆ ಅಮೃತಮಹಲ್ ಕಾವಲುಗಳಿವೆ. ಇವು ಯಾರೂ ಉಳದೆ ಬಿಟ್ಟ ಭೂಮಿಯಲ್ಲ. ದನಕ್ಕೆ ಅಂತ ಲೆಕ್ಕ ಹಾಕಿ ಇಟ್ಟ ಭೂಮಿ. ಮೈಸೂರು ಒಡೆಯರ ಕಾಲದಲ್ಲಿ ಇದಕ್ಕೆ 'ಬೆಣ್ಣೆ ಚಾವಡಿ' ಅಂತ ಹೆಸರಿತ್ತು. ಟಿಪ್ಪು 'ಅಮೃತಮಹಲ್' ಅಂತ ಹೆಸರಿಟ್ಟ. ಹೈದರ್, ಟಿಪ್ಪು ಇಬ್ಬರ ಸೈನ್ಯದಲ್ಲೂ ತೋಪು, ಸಾಮಾನು ಎಳೆದದ್ದು ಈ ತಳಿಯ ಎತ್ತು. ಬ್ರಿಟಿಷರು 1860ರಲ್ಲಿ ಖರ್ಚು ಜಾಸ್ತಿ ಅಂತ ದನ ಮಾರಿಬಿಟ್ಟರು. ಸೈನ್ಯಕ್ಕೆ ಎತ್ತು ಸಿಗದೆ ಆರೇ ವರ್ಷಕ್ಕೆ, 1866ರಲ್ಲಿ, ಮತ್ತೆ ಶುರು ಮಾಡಬೇಕಾಯಿತು.

ಆ ಕಾಲದಲ್ಲಿ ಕಾವಲುಗಳನ್ನು ಮೂರು ತರ ಮಾಡಿದ್ದರು. ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆದ್ದು. ಎಲ್ಲಿ ಯಾವಾಗ ಹುಲ್ಲು, ಎಲ್ಲಿ ನೆರಳು, ಎಲ್ಲಿ ನೀರು ಅಂತ ನೋಡಿ ದನಗಳನ್ನು ಒಂದು ಕಾವಲಿನಿಂದ ಇನ್ನೊಂದಕ್ಕೆ ಹೊಡೆಯುತ್ತಿದ್ದರು. ಅಷ್ಟರಲ್ಲಿ ಮೊದಲನೆಯದರಲ್ಲಿ ಹುಲ್ಲು ಬೀಜ ಕಟ್ಟಿ ಉದುರಿಸಿರುತ್ತಿತ್ತು. ಈಗ ಕೃಷಿ ಪದವೀಧರರು ಸರದಿ ಮೇವು ಅಂತ ಭಾಷಣ ಮಾಡುವುದು ಇದನ್ನೇ. ಅಜ್ಜಂಪುರದಲ್ಲಿ ತಳಿ ಕೇಂದ್ರ ಇವತ್ತಿಗೂ ಇದೆ. ಅಲ್ಲಿನ ಹೋರಿ ಕರುಗಳ ಹರಾಜಿಗೆ ಹೊರ ಜಿಲ್ಲೆಯ ರೈತರೂ ಬರುತ್ತಾರೆ.

ದನಕ್ಕೆ ಇಟ್ಟ ಹುಲ್ಲಿನಲ್ಲಿ ಜಿಂಕೆಯೂ ಉಳಿಯಿತು. ನಾವು ಜಿಂಕೆ ಅಂತೀವಿ, ಪುಸ್ತಕದಲ್ಲಿ ಕೃಷ್ಣಮೃಗ. ಗಂಡಿಗೆ ಮಾತ್ರ ಕೊಂಬು. ಬಲಿತ ಗಂಡು ಮೇಲೆ ಕಪ್ಪು, ಹೊಟ್ಟೆ ಬಿಳಿ. ಹೆಣ್ಣು, ಮರಿ ಕಂದು ಬಣ್ಣ. ಅದು ಮಲೆನಾಡಿನ ಕಾಡಿನಲ್ಲಿ ಬದುಕಲ್ಲ. ಅದರ ರಕ್ಷಣೆ ಅದರ ಕಣ್ಣು ಮತ್ತು ಕಾಲು. ದೂರ ಕಾಣಬೇಕು, ಓಡೋಕೆ ಬಯಲು ಬೇಕು. ಮರಿ ಹಾಕಿದಾಗ ಮೊದಲ ದಿನಗಳಲ್ಲಿ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿ ಇಡುತ್ತದೆ. ಹುಲ್ಲು ಇಲ್ಲದಿದ್ದರೆ ಮರಿ ನಾಯಿ ಪಾಲು.

2011ರಲ್ಲಿ ಸರ್ಕಾರ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು ಸಂರಕ್ಷಣಾ ಮೀಸಲು ಅಂತ ಘೋಷಿಸಿತು. 7.36 ಚದರ ಕಿಲೋಮೀಟರ್, ಅಂದರೆ ಸುಮಾರು ಸಾವಿರದ ಎಂಟುನೂರು ಎಕರೆ. ರಾಷ್ಟ್ರೀಯ ಉದ್ಯಾನಗಳ ಮುಂದೆ ಇದು ಏನೂ ಅಲ್ಲ. ಭದ್ರಾ ಅಭಯಾರಣ್ಯವೇ 492 ಚದರ ಕಿಲೋಮೀಟರ್ ಇದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರದ್ದು, 119 ಚದರ ಕಿಲೋಮೀಟರ್. ಮಧುಗಿರಿ ತಾಲ್ಲೂಕಿನ ಜಯಮಂಗಲಿ ಮೀಸಲು 2007ರದ್ದು, ನಮ್ಮದಕ್ಕಿಂತ ಚಿಕ್ಕದು. ಇಷ್ಟು ಚಿಕ್ಕ ಜಾಗದಲ್ಲಿ ಜಿಂಕೆ, ತೋಳ, ನರಿ, ಮೊಲ, ಉಡ, ನವಿಲು, ಕವುಜುಗ, ಬುರ್ಲಿ ಎಲ್ಲಾ ಉಳಿದಿವೆ. ಚಳಿಗಾಲದಲ್ಲಿ ಹ್ಯಾರಿಯರ್ ಎಂಬ ಗಿಡುಗ ಸಾವಿರಾರು ಕಿಲೋಮೀಟರ್ ದೂರದ ಉತ್ತರ ದೇಶಗಳಿಂದ ಇಂಥ ಹುಲ್ಲುಗಾವಲಿಗೇ ಬರುತ್ತದೆ. ಸಂಜೆ ಹುಲ್ಲಿನ ಮೇಲೆ ತೇಲಿಕೊಂಡು ಹಾರಿ, ಕತ್ತಲಾಗುವಾಗ ನೆಲದ ಮೇಲೇ ಮಲಗುತ್ತದೆ. ಹುಳು, ಇಲಿ ತಿನ್ನುವ ಪಕ್ಷಿ, ನಮಗೆ ಉಪಕಾರಿ.

ಲೆಕ್ಕ ನಮ್ಮ ಹೆಸರಲ್ಲಿ

ಇನ್ನು ಕಷ್ಟದ ಮಾತು. ಇದನ್ನು ಬಿಟ್ಟು ಬರೆದರೆ ನಮ್ಮೂರಿನವರು ನನ್ನನ್ನು ಮನೆಗೆ ಸೇರಿಸಲ್ಲ.

ಹೋದ ವರ್ಷ ಎರಡೆಕರೆ ಹುರುಳಿ ಹಾಕಿದ್ದೆ. ಮಳೆ ಚೆನ್ನಾಗಿತ್ತು. ಆರು ಕ್ವಿಂಟಾಲ್ ಆಗಬೇಕಿತ್ತು. ಆದದ್ದು ಎರಡು ಕ್ವಿಂಟಾಲ್ ಚಿಲ್ಲರೆ. ಹಂದಿ ಬಂದರೆ ಶೇಂಗಾ ಬೇರು ಸಮೇತ ಕಿತ್ತು ಹಾಕುತ್ತದೆ, ನಷ್ಟ ಕಣ್ಣಿಗೆ ಕಾಣುತ್ತದೆ. ಜಿಂಕೆ ಹಾಗಲ್ಲ. ಕುಡಿ ಕಡಿಯುತ್ತದೆ, ಮುಂದೆ ಹೋಗುತ್ತದೆ. ಗಿಡ ನಿಂತೇ ಇರುತ್ತದೆ, ಕಾಯಿ ಇರಲ್ಲ. ನೋಡೋಕೆ ಬಂದವರಿಗೆ ಹೊಲ ಹಸಿರಾಗೇ ಕಾಣುತ್ತದೆ.

ಒಂದು ಸಲ ಪರಿಹಾರಕ್ಕೆ ಅರ್ಜಿ ಹಾಕಿದೆ. ಪಹಣಿ, ಆಧಾರ್, ಬ್ಯಾಂಕ್ ಪುಸ್ತಕ, ಹೊಲದಲ್ಲಿ ನಿಂತ ಫೋಟೋ. ಐದು ಸಲ ಓಡಾಡಿದೆ. ಹೊಲ ನೋಡೋಕೆ ಬರುವ ಹೊತ್ತಿಗೆ ಕಟಾವು ಮುಗಿದಿತ್ತು. ಏನೂ ಬರಲಿಲ್ಲ. ಆಮೇಲೆ ಅರ್ಜಿ ಹಾಕುವುದನ್ನೇ ಬಿಟ್ಟೆ. ನಮ್ಮೂರಲ್ಲಿ ಬಹಳ ಜನ ಹಾಗೇ ಬಿಟ್ಟಿದ್ದಾರೆ. ಅರ್ಜಿ ಇಲ್ಲ ಅಂದರೆ ದಾಖಲೆಯಲ್ಲಿ ನಷ್ಟವೂ ಇಲ್ಲ.

ಜಿಂಕೆ ಮೈಮೇಲೆ ಕೈ ಹಾಕುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಹುಲಿ, ಆನೆ ಇರುವ ಒಂದನೇ ಪಟ್ಟಿಯಲ್ಲೇ ಇದೆ. ಕೊಂದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಜೈಲು. ಕಾನೂನು ಇರಲಿ, ಬೇಡ ಅನ್ನಲ್ಲ. ಆದರೆ ಹುಲಿಗೆ ಸಿಗುವ ಗಮನ ಜಿಂಕೆ ಪಕ್ಕದ ರೈತನಿಗೆ ಸಿಕ್ಕಿಲ್ಲ.

ಇದು ನಮ್ಮೊಬ್ಬರದೇ ಕಥೆಯಲ್ಲ. ಲಕ್ಕವಳ್ಳಿ ಕಡೆಗೆ ಹೋದವರು ಎಂ.ಸಿ. ಹಳ್ಳಿ ನೋಡಿರುತ್ತೀರಿ. ಭದ್ರಾ ಕಾಡಿನ ಒಳಗಿದ್ದ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು 2001-02ರ ಸುಮಾರಿಗೆ ಕಾಡು ಬಿಟ್ಟು ಹೊರಗೆ ಬಂದವು. ಕೆಲವರು ಎಂ.ಸಿ. ಹಳ್ಳಿಗೆ, ಕೆಲವರು ಕೆಳಗೂರಿಗೆ. ಜಮೀನು, ಮನೆ ಸಿಕ್ಕಿತು. ಶಾಲೆ, ಆಸ್ಪತ್ರೆ, ಬಸ್ಸು ಹತ್ತಿರ ಆಯಿತು. ದೇಶದಲ್ಲೇ ಸರಿಯಾಗಿ ನಡೆದ ಸ್ಥಳಾಂತರ ಅಂತ ಇದನ್ನು ಹೇಳುತ್ತಾರೆ. ಇರಬಹುದು. ಆದರೂ ಹುಟ್ಟಿದ ಊರು, ಹೂತ ಹಿರಿಯರು, ಗದ್ದೆ, ದೇವರು ಎಲ್ಲಾ ಒಳಗೆ ಬಿಟ್ಟು ಬಂದವರು ಅವರು. ಇವತ್ತು ಸಫಾರಿ ಜೀಪಿನಲ್ಲಿ ಕೂತು ಹುಲಿ ಕಾಣಲಿಲ್ಲ ಅಂತ ಬೇಸರ ಪಡುವವರು, ಆ ಕಾಡು ಹಾಗೆ ಉಳಿಯೋಕೆ ಯಾರು ಎದ್ದು ಬಂದರು ಅಂತ ಒಂದು ಸಲ ಕೇಳಬೇಕು. ಅಲ್ಲಿ ಜನಕ್ಕೆ ಲೆಕ್ಕ ಹಾಕಿ ಕೊಟ್ಟರು. ಕಾವಲಿನ ಪಕ್ಕದವರಿಗೆ ಇನ್ನೂ ಲೆಕ್ಕವೇ ಹಾಕಿಲ್ಲ.

ಹಾಗಾದರೆ ಕಾವಲು ಬೇಡವಾ?

ಇದನ್ನೆಲ್ಲ ಕೇಳಿ ಕೆಲವರು ಹೇಳುತ್ತಾರೆ: ಕಾವಲು ಒಡೆದು ರೈತರಿಗೆ ಹಂಚಲಿ, ಜಿಂಕೆ ಹಿಡಿದು ಕಾಡಿಗೆ ಬಿಡಲಿ. ನಾನೂ ಒಂದು ಕಾಲಕ್ಕೆ ಹಾಗೇ ಹೇಳುತ್ತಿದ್ದೆ. ಮುಚ್ಚಿಡುವುದೇಕೆ, ನಮ್ಮ ತಂದೆಯ ಕಾಲದಲ್ಲಿ ಬದು ಸ್ವಲ್ಪ ಕಾವಲಿನ ಕಡೆಗೆ ಸರಿದಿತ್ತು. ಪ್ರತಿ ವರ್ಷ ಉಳುವಾಗ ಒಂದೊಂದು ಸಾಲು. ಆಮೇಲೆ ಅಳತೆ ಆದಾಗ ಬಿಟ್ಟುಕೊಟ್ಟೆವು. ಹಾಗೆ ಉತ್ತ ನೆಲದಲ್ಲಿ ಏನು ಬೆಳೆದೆವು? ಒಂದು ಗೇಣು ಮಣ್ಣು, ಕೆಳಗೆ ಸುಣ್ಣಕಲ್ಲು. ಎರಡು ವರ್ಷ ರಾಗಿ ಬಂತು, ಮೂರನೇ ವರ್ಷ ಬೀಜ ವಾಪಸ್ ಬರಲಿಲ್ಲ. ಹುಲ್ಲಿಗೆ ಅಂತ ಹಿರಿಯರು ಬಿಟ್ಟದ್ದು ಹುಲ್ಲಿಗೇ ಸರಿ.

ಇನ್ನು ಕೊಡುವುದಾದರೂ ರೈತರಿಗೇ ಕೊಡುತ್ತಾರೆ ಅಂತ ಯಾರು ಹೇಳಿದರು? ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕು ನೋಡಿ. 2008ರಿಂದ 2010ರ ಒಳಗೆ ಅಲ್ಲಿಯ ಅಮೃತಮಹಲ್ ಕಾವಲಿನಲ್ಲಿ ಸುಮಾರು ಹತ್ತು ಸಾವಿರ ಎಕರೆಯನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟರು. ಕುರಿ, ದನ ಮೇಯಿಸುತ್ತಿದ್ದವರಿಗೆ ಗೋಡೆ ಎದ್ದಮೇಲೆ ಗೊತ್ತಾಯಿತು. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಹೋದ ಹುಲ್ಲು ತಿರುಗಿ ಬರಲಿಲ್ಲ. 'ಪಾಳು' ಅಂತ ಹೆಸರು ಬಿದ್ದ ಜಾಗಕ್ಕೆ ಯಾವತ್ತೂ ಹೀಗೇ ಆಗುತ್ತದೆ.

ಇನ್ನೊಂದು ಅಪಾಯ ಒಳ್ಳೆ ಮನಸ್ಸಿನವರಿಂದ. ಬೋಳಾಗಿದೆ, ಗಿಡ ನೆಡೋಣ ಅಂತಾರೆ. ರಾಣೆಬೆನ್ನೂರಿನ ಗುಡ್ಡಗಳಿಗೆ ಹಿಂದೆ ನೀಲಗಿರಿ ತುಂಬಿದರು. ನೀಲಗಿರಿ ಕೆಳಗೆ ಹುಲ್ಲು ಹುಟ್ಟಲ್ಲ. ಹುಲ್ಲು ಇಲ್ಲದಿದ್ದರೆ ಜಿಂಕೆ ಏನು ಮಾಡುತ್ತದೆ? ಪಕ್ಕದ ಹೊಲಕ್ಕೆ ಬರುತ್ತದೆ. ಕೊನೆಗೆ 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡಬಾರದು ಅಂತ ಆಜ್ಞೆ ಮಾಡಿತು. ಬಳ್ಳಾರಿ ಜಾಲಿ ಇನ್ನೂ ಕೆಟ್ಟದ್ದು, ಯಾರೂ ನೆಡದೇ ಹಬ್ಬುತ್ತದೆ. ಕಾವಲಿನ ಒಳಗೆ ಹುಲ್ಲು ಚೆನ್ನಾಗಿದ್ದ ವರ್ಷ ನಮ್ಮ ಹೊಲಕ್ಕೆ ಕಾಟ ಕಡಿಮೆ. ಇದು ನಾನು ಕಣ್ಣಾರೆ ಕಂಡದ್ದು. ಆದ್ದರಿಂದ ಕಾವಲು ಉಳಿಯುವುದು ಜಿಂಕೆಗಿಂತ ಮೊದಲು ನಮಗೇ ಬೇಕು.

ಬರುವವರು ಬರಲಿ, ಹೀಗೆ ಬರಲಿ

ಕಾವಲು ಉಳಿಯಬೇಕಾದರೆ ಅದನ್ನು ನೋಡುವವರು ಬೇಕು. ನೋಡಿದವರು ಯಾರೂ ಅದನ್ನು ಪಾಳು ಅನ್ನಲ್ಲ. ಆದರೆ ಕೆಮ್ಮಣ್ಣುಗುಂಡಿ ದಾರಿಯಲ್ಲಿ ಆದ ಹಾಗೆ ಇಲ್ಲಿ ಆಗಬಾರದು. ಅಲ್ಲಿ ಬಾಟಲಿ, ಗದ್ದಲ, ದಾರಿ ತುಂಬ ಗಾಡಿ. ಇಲ್ಲಿಯ ಹುಲ್ಲು ಒಂದು ಬೀಡಿ ತುಂಡು ತಡೆಯಲ್ಲ. ಫೆಬ್ರವರಿಯಿಂದ ಮಳೆ ಬರುವವರೆಗೆ ಒಂದು ಕಿಡಿ ಬಿದ್ದರೆ ಸಂಜೆಯೊಳಗೆ ನೂರೆಕರೆ ಬೂದಿ.

ನನ್ನ ಅಭಿಪ್ರಾಯದಲ್ಲಿ ಹೀಗಿರಲಿ.

ಕಾವಲಿನ ಒಳಗೆ ಕಾರು, ಬೈಕು ಬೇಡವೇ ಬೇಡ. ಜಿಂಕೆ ಓಡಿಸಿ ಚಿತ್ರ ತೆಗೆಯುವುದು ಬೇಡ. ಗಬ್ಬದ ಹೆಣ್ಣು ಓಡಿದರೆ ಮರಿ ಹೋಗುತ್ತದೆ. ಇಲಾಖೆಯ ಅನುಮತಿ ಪಡೆದು, ಅಂಚಿನ ಬಂಡಿ ಜಾಡಿನಲ್ಲಿ ಊರಿನ ಒಬ್ಬ ಹುಡುಗನನ್ನು ಜೊತೆಗೆ ಕರೆದುಕೊಂಡು ನಡೆಯಲಿ. ಬೆಳಿಗ್ಗೆ ಸೂರ್ಯ ಹುಟ್ಟುವ ಹೊತ್ತು, ಇಲ್ಲವೇ ಸಂಜೆ. ಮಳೆ ಬಿದ್ದು ಹುಲ್ಲು ಚಿಗುರಿದಾಗ ಒಂದು ಚೆಂದ, ಕಾರ್ತಿಕದಲ್ಲಿ ಕರಡ ಬಲಿತು ಬಂಗಾರದ ಬಣ್ಣ ಬಂದಾಗ ಇನ್ನೊಂದು ಚೆಂದ. ಕಡ್ಡಾಯವಾಗಿ ನೀರಿನ ಬಾಟಲಿ ತಮ್ಮದೇ ತರಲಿ, ಖಾಲಿಯಾದದ್ದು ವಾಪಸ್ ಒಯ್ಯಲಿ. ತಿಂಡಿಗೆ ನಮ್ಮ ಮನೆಗಳಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾಡಿಕೊಡುವ ಹೆಣ್ಣುಮಕ್ಕಳು ಇದ್ದಾರೆ.

ಬರುವವರು ಕೊಡುವ ಹಣದಲ್ಲಿ ಒಂದು ಪಾಲು ಪಂಚಾಯಿತಿ ಖಾತೆಗೆ ಹೋಗಬೇಕು, ಅದು ಮೊದಲು ಅಂಚಿನ ಹೊಲದವರ ಬೆಳೆ ನಷ್ಟಕ್ಕೆ ಬಳಕೆಯಾಗಬೇಕು. ನಷ್ಟದ ಅರ್ಜಿ ಬಂದ ಒಂದು ವಾರದೊಳಗೆ, ಪೈರು ಹೊಲದಲ್ಲಿ ಇರುವಾಗಲೇ, ಬಂದು ನೋಡಬೇಕು. ನೋಡುವವರ ಜೊತೆ ಊರಿನ ಇಬ್ಬರು ರೈತರು ಇರಬೇಕು. ಕುಡಿ ಕಡಿದದ್ದು ಪಟ್ಟಣದವರ ಕಣ್ಣಿಗೆ ಬೀಳಲ್ಲ, ರೈತನ ಕಣ್ಣಿಗೆ ಬೀಳುತ್ತದೆ.

ನಾವು ಮಾಡಬೇಕಾದದ್ದೂ ಇದೆ. ಸಾಲು ಸಾಲಾಗಿ ಬದು ಸರಿಸುವುದು ಬಿಡಬೇಕು. ಹೊಸ ಹುಲ್ಲು ಬರಲಿ ಅಂತ ಬೆಂಕಿ ಇಡುವುದು ಬಿಡಬೇಕು. ಸತ್ತ ಕೋಳಿ, ಕುರಿ ಕಾವಲಿಗೆ ಎಸೆದರೆ ಬೀದಿ ನಾಯಿ ಹಿಂಡು ಕಟ್ಟುತ್ತವೆ. ಇವತ್ತು ಜಿಂಕೆ ಮರಿ, ನಾಳೆ ನಮ್ಮ ಕುರಿ ಮರಿ. ತೋಳ ಕಂಡರೆ ವಿಷ ಇಡುವುದು ಬೇಡ. ತೋಳ ಓಡಾಡುವ ಕಡೆ ಜಿಂಕೆ ಒಂದೇ ಹೊಲದಲ್ಲಿ ನೆಲೆ ನಿಲ್ಲಲ್ಲ ಅಂತ ನಮ್ಮ ಕುರಿಗಾಹಿಗಳೇ ಹೇಳುತ್ತಾರೆ. ಆದರೆ ತೋಳಕ್ಕೆ ಕುರಿ ಹೋದವನಿಗೂ ಪರಿಹಾರ ಬೇಗ ಸಿಗಬೇಕು, ಇಲ್ಲದಿದ್ದರೆ ಅವನಿಗೆ ಬುದ್ಧಿ ಹೇಳುವ ಬಾಯಿ ನಮಗಿರಲ್ಲ.

ಮೂರು ತಾಲ್ಲೂಕಿನ ಕಾವಲು ಅಂಚಿನ ರೈತರು ಒಂದು ಕಡೆ ಕೂತು ಇದನ್ನು ಮಾತಾಡಬೇಕು ಅಂತ ನನ್ನ ಆಸೆ. ಅಜ್ಜಂಪುರದ ಹರಾಜಿನ ದಿನ ಎಲ್ಲರೂ ಹೇಗೂ ಸೇರುತ್ತೇವೆ. ಎತ್ತಿನ ಹಲ್ಲು ನೋಡಿ ಮುಗಿದಮೇಲೆ ಅರ್ಧ ಗಂಟೆ ಸಾಕು. ಬೆಳೆ ನಷ್ಟದ ಲೆಕ್ಕ ಬರೆದುಕೊಂಡು ಬನ್ನಿ. ಯಾವ ಬೆಳೆ, ಎಷ್ಟು ಎಕರೆ, ಯಾವ ತಿಂಗಳು, ಏನು ಹೋಯಿತು, ಇಷ್ಟು ಬರೆದರೆ ಆಯಿತು. ಅರ್ಜಿ ಹಾಕುವುದು ಬಿಟ್ಟವರೂ ಬರೆಯಿರಿ. ನಾನು ನನ್ನದನ್ನು ಕ್ಯಾಲೆಂಡರಿನ ಹಿಂದೆ ಬರೆಯಲು ಶುರು ಮಾಡಿದ್ದೇನೆ.

ಈ ಸಲವೂ ಹುರುಳಿ ಹಾಕುತ್ತೇನೆ. ಕಾವಲಿಗೆ ತಾಗಿದ ಅರ್ಧ ಎಕರೆಗೆ ಮಾತ್ರ ಹರಳು ಹಾಕಿ ನೋಡುತ್ತೇನೆ. ಜಿಂಕೆ ಹರಳು ಮುಟ್ಟುವುದು ಕಡಿಮೆ ಅಂತ ಕೇಳಿದ್ದೇನೆ, ಫಲಿತಾಂಶ ಮುಂದೆ ಬರೆಯುತ್ತೇನೆ. ಇನ್ನೊಂದು ಸಲ ದಾರಿ ತಪ್ಪಿ ಹುಡುಗರು ಯಾರಾದರೂ ಬಂದರೆ ಏನೂ ಇಲ್ಲ ಅನ್ನಲ್ಲ. ಕಾರು ಬದುವಿನಲ್ಲೇ ನಿಲ್ಲಿಸಿ ಅಂತ ಹೇಳಿ ದಿಬ್ಬದವರೆಗೆ ನಡೆಸಿಕೊಂಡು ಹೋಗುತ್ತೇನೆ. ಜಿಂಕೆ ತೋರಿಸುತ್ತೇನೆ. ವಾಪಸ್ ಬರುವಾಗ ಅದು ಮೇಯ್ದ ಹುರುಳಿ ಹೊಲವನ್ನೂ ತೋರಿಸುತ್ತೇನೆ.